ಅಮಾಸಿಗೊಮ್ಮೆ ಟೈಮ್ ಮರಿಯೋ ಮೋಟರು

“ಗಂಡಸ ಮೆಕ್ಯಾನಿಕ್ ಯಾರೂ ಇಲ್ಲೇನವಾ ನಿಮ್ಮ ಅಂಗಡ್ಯಾಗ?”

ಸಿರವಾರದ ರೈಸ್ ಮಿಲ್ ಸಾವ್ಕಾರ್ರು ಹಿಂಗ ಕೇಳಿದ್ದು ನನ್ನ ಮೊಮ್ಮಗಳು ರೇಣುಕಾಗ. ನಾನು ಬಾಜೂಕ್ಕೇ ನಿಂತಿದ್ದೆ. (ನನ್ನ ಯಾರೂ ಕರದಿರಲಿಲ್ಲ. ಜೀವ ತಡೀಲಿಲ್ಲ, ಬಸ್ಸು ಹತ್ತಿದ್ದೆ!)

ಡಿಪ್ಲೊಮಾ ಮುಗಿಸಿ ರಾಯಚೂರಿನ ಮೋಟರ್ ರಿಪೇರಿ ಅಂಗಡಿ ಸೇರ್ಯಾಳ ನಮ್ಮ ಹುಡುಗಿ. ಒಬ್ಬಾಕೀನೇ ಹೊರಗ ಹೋದ ಮೊದಲನೇ ಕೆಲಸ ಅದು. ಸಾವ್ಕಾರ್ರು ವಾಪಸ್ ಕಳಿಸಿದ್ರ ಮುಗೀತು, ಮತ್ತ ಹೊರಗ ಯಾರು ಕಳಿಸ್ತಾರ?

“ಮೊದಲ ಮೋಟರ್ ತೋರಸ್ರಿ,” ಅಂದಳು ರೇಣುಕಾ. ಭತ್ತ ನೆನಸೋ ತೊಟ್ಟಿಗೆ ನೀರು ಬಿಡೋ ಮೋಟರು. ಅದಕ್ಕೊಂದು ಡ್ರೈವ್ ಅಂತ ಪೆಟ್ಟಿಗಿ. ಮೋಟರ್ ಯಾವಾಗ ಓಡಬೇಕು, ಎಷ್ಟು ಜೋರು ಓಡಬೇಕು, ಎಲ್ಲಾ ಅದರದೇ ಹುಕುಂ. ಮುಂಜಾನಿ ಆರಕ್ಕ ಚಾಲೂ ಆಗಬೇಕಾದ್ದು ಅಮಾಸಿ ಮರುದಿನ ಮಾತ್ರ ಮನಸಿಗೆ ಬಂದಾಗ ಓಡ್ತದಂತ; ಆಳು ಮತ್ತ ಟೈಮ್ ಕೂಡಿಸಿದ್ರ ಮುಂದಿನ ಅಮಾಸಿ ತನಕ ಸರಿ.

“ಯಾರದೋ ಕಣ್ಣು ಬಿದ್ದದ. ನಿಂಬಿಹಣ್ಣು ಕಟ್ಟಿಸೀನಿ,” ಅಂದ್ರು ಸಾವ್ಕಾರ್ರು.

“ಅಮಾಸಿ ದಿನ ಏನೇನ್ ಮಾಡ್ತೀರಿ ಕಾಕಾ?” ಅಂತ ಕೇಳಿದಳು ರೇಣುಕಾ.

“ಮಿಲ್ ಬಂದ್. ಮೇನ್ ಆಫ್ ಮಾಡಿ ಪೂಜಿ ಮಾಡ್ತೀವಿ. ಉಳದ ದಿನ ಕರೆಂಟ್ ಹೋದ್ರೂ ಜನರೇಟರ್ ಅದ.”

ರೇಣುಕಾ ಪೆಟ್ಟಿಗಿ ನೋಡಿದಳು. ಸಣ್ಣ ಸ್ಕ್ರೀನ್ ತುಂಬ ಪೂಜಿ ಕುಂಕುಮ! ಒಣ ಅರಿವೀಲೆ ಒರಸಿದಳು. ಕೆಳಗ ಇಂಗ್ಲಿಷಿನ್ಯಾಗ ಬರದಿತ್ತು: ಗಡಿಯಾರದ ಬ್ಯಾಟರಿ ಲೋ. ಎಷ್ಟು ಅಮಾಸಿಯಿಂದ ಹೇಳಾಕತ್ತಿತ್ತೋ, ಪಾಪ.

“ಕರೆಂಟ್ ಇದ್ದಾಗ ಇದರ ಗಡಿಯಾರ ಕರೆಂಟಿನ ಮ್ಯಾಲ ನಡೀತದ ಕಾಕಾ. ಮೇನ್ ಆಫ್ ಆದ್ರ ಬ್ಯಾಟರೀನೇ ಗತಿ. ಅದು ಸತ್ತದ. ಟೈಮ್ ಮರತು ಕುಂತದ.”

ಮೇನ್ ತಗಸಿ, ಮುಚ್ಚಳ ಬಿಚ್ಚಿ, ರೂಪಾಯಿ ಬಿಲ್ಲಿಯಷ್ಟು ಹೊಸ ಬ್ಯಾಟರಿ ಹಾಕಿದಳು. ಕರೆಂಟ್ ಕೊಟ್ಟು ತಾರೀಖು, ಟೈಮ್ ಕೂಡಿಸಿದಳು. ಆಯ್ತಲ್ಲ, ಹೊಂಡಬಹುದಿತ್ತು. ಹೊಂಡಲಿಲ್ಲ!

“ಈಗ ಮತ್ತ ಮೇನ್ ಆಫ್ ಮಾಡ್ರಿ.”

“ಏ ಹುಚ್ಚೀ! ಸರಿಯಾದದ್ದು ಮತ್ತ ಕೆಟ್ರ?” ಅಂದೆ ನಾನು.

“ಕೆಟ್ರ ನಾನಿಲ್ಲೇನು?”

ಒಂದು ಚಾ ಕುಡಿಯೋ ಹೊತ್ತು ಮಿಲ್ ಗಪ್ಪಾತು. ಆಮ್ಯಾಲ ಕರೆಂಟ್ ಕೊಟ್ರು. ಸಾವ್ಕಾರ್ರು ತಮ್ಮ ಫೋನ್ ನೋಡಿದ್ರು, ಸ್ಕ್ರೀನ್ ನೋಡಿದ್ರು. ಒಂದು ಮಿನಿಟೂ ಹೆಚ್ಚುಕಡಿಮಿ ಇಲ್ಲ!

ಕಿಸೆಯಿಂದ ಪೆನ್ ತಗದ್ರು. “ನಿಮ್ಮ ಹೆಸರು, ನಂಬರ್ ಹೇಳ್ರಿ.”

ಡ್ರೈವ್ ಕೂಡಿಸಿದ ಕಬ್ಬಿಣದ ಕಪಾಟಿನ ಬಾಗಲದ ಮ್ಯಾಲ, ನಂಬರಿನ ಜೋಡಿ, ದಪ್ಪಗ ಬರದ್ರು: ರೇಣುಕಾ, ಮೆಕ್ಯಾನಿಕ್.

ಅದೇ ಮಿಲ್ಲಿನ ಅಂಗಳದಾಗ ವರ್ಷಾನುಗಟ್ಲೆ ಭತ್ತ ಹರವಿ ಒಣಗಿಸಿದಾಕಿ ನಾನು. ಅಷ್ಟು ವರ್ಷದಾಗ ಒಬ್ಬರೂ ನನ್ನ ಹೆಸರು ಕೇಳಲಿಲ್ಲ. ಈಗ ಮೊಮ್ಮಗಳ ಹೆಸರು ಊರಿಗೆಲ್ಲ ಹೇಳಿಕೋತ ತಿರುಗಿದ್ರ, ಮುದಿಕಿಗೆ ಸೊಕ್ಕು ಬಂದದ ಅಂತೀರೇನು?