ಈರಮ್ಮನ ಕರೆ

ನನ್ನ ಆಲ್ಬಮ್ಮಿನ ಮೂರನೆಯ ಹಾಡು ನನ್ನದಲ್ಲ. ಸ್ಯಾಕ್ಸೊಫೋನಿನ ಉಸಿರು ನನ್ನದು, ಡೊಳ್ಳಿನ ಜೊತೆ ಜಾಜ್ ಬೆರೆಸಿದ ಹುಚ್ಚು ಧೈರ್ಯವೂ ನನ್ನದೇ — ಆದರೆ ನೀವೆಲ್ಲ ಮೆಚ್ಚಿ ಬರೆದಿರಲ್ಲ, ಏರಿ, ತಡೆದು, ಜಾರಿ ಇಳಿಯುವ ಆ ರಾಗ — ಅದು ನಮ್ಮ ಆಸ್ಪರಿಯ ಕುರಿಗಾಹಿ ಈರಮ್ಮನದು. ಆ ರಾಗದಿಂದಲೇ ಅವರು ತಮ್ಮ ಕುರಿಗಳನ್ನು ಕರೆಯುತ್ತಾರೆ.

ಆದೋನಿಯ ಮದುವೆ ಬ್ಯಾಂಡಿನಲ್ಲಿ ತೆಲುಗು ಸಿನಿಮಾ ಹಾಡು ಊದುತ್ತಿದ್ದವನು ನಾನು. ಜಾಜ್ ಕಲಿತದ್ದು ಆಮೇಲೆ, ಮುಂಬೈಯಲ್ಲಿ. ಒಮ್ಮೆ ರಜೆಗೆ ಬಂದಾಗ, ಹತ್ತಿ ಬಿಡಿಸಿ ಮುಗಿದಿದ್ದ ಆಸ್ಪರಿಯ ನಮ್ಮ ಹೊಲದಲ್ಲಿ ಈರಮ್ಮ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸಿದ್ದರು. ಸಂಜೆ ಅವರು ಕುರಿ ಕರೆದದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡೆ. ಅವರನ್ನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ — ಇಲ್ಲ, ಹೊಳೆದಿತ್ತು.

ಆಲ್ಬಂ ಬಂತು. ಜಾಜ್‌ಗೆ ಹೊಸ ನೆಲ ಸಿಕ್ಕಿತು ಎಂದು ವಿಮರ್ಶಕರು ಬರೆದರು. ಸಂದರ್ಶನದಲ್ಲಿ ಒಬ್ಬರು, "ಈ ರಾಗ ಎಲ್ಲಿಂದ ಬಂತು?" ಎಂದು ಕೇಳಿದರು.

"ಒಬ್ಬನೇ ಕೂತಿದ್ದಾಗ ಹೊಳೆಯಿತು," ಎಂದೆ. ಆರು ವರ್ಷ ನಾಚಿಕೆಯಿಲ್ಲದೆ ಅದನ್ನೇ ಹೇಳುತ್ತ ಬಂದೆ.

ಕಳೆದ ತಿಂಗಳು ಅದೇ ಹೊಲದ ಬದುವಿನ ಮೇಲೆ ಕೂತು ಆ ರಾಗವನ್ನು ಅಭ್ಯಾಸ ಮಾಡುತ್ತಿದ್ದೆ. ಪಕ್ಕದಲ್ಲಿ ಮೇಯುತ್ತಿದ್ದ ಕುರಿಗಳು ತಲೆಯೆತ್ತಿದವು — ಅಷ್ಟೂ ನನ್ನ ಕಡೆಗೆ ಓಡಿಬಂದವು. ವಿಮರ್ಶಕರಿಗೆ ಗೊತ್ತಾಗದ್ದು ಕುರಿಗಳಿಗೆ ಗೊತ್ತಾಗಿಬಿಟ್ಟಿತು. ಹಿಂದೆಯೇ ಕೋಲು ಹಿಡಿದು ಈರಮ್ಮ.

ಎದ್ದು ನಿಂತು ಬೈಗುಳಕ್ಕೆ ಕಾದೆ. ಅವರು ನಕ್ಕರು, ನಗು ಅರ್ಧಕ್ಕೇ ನಿಂತಿತು.

"ಇದು ನಂದು ಐತಲ್ಲಪಾ! ನಮ್ಮವ್ವ ಕಲಿಸಿದ್ದು."

ಎಲ್ಲವನ್ನೂ ಒಪ್ಪಿಕೊಂಡೆ — ಆಲ್ಬಂ, ಹೊಗಳಿಕೆ, ಆ ಸುಳ್ಳು. ಈರಮ್ಮ ಕೋಲನ್ನು ಬದುವಿಗೆ ಊರಿದರು.

"ಊದು, ಯಾರು ಬ್ಯಾಡ ಅಂತಾರ? ಆದ್ರ ಯಾರ್ದು ಅಂತ ಹೇಳಬೇಕಿತ್ತಲ್ಲ?" ಎಂದರು. ಆಮೇಲೆ ನನ್ನ ವಾದ್ಯವನ್ನು ದಿಟ್ಟಿಸಿ, "ನಡುನಡುವ ಜಾಗ ಬಿಡಬೇಕು. ನೀ ಸುಮ್ಮನ ಊದಕೋತ ಹೊಂಟಿ. ಕರದ ಮ್ಯಾಲ ಅವು ಏನಂತಾವ, ಕೇಳಬೇಕಪಾ," ಎಂದರು.

ಕರೆ, ಅದಕ್ಕೊಂದು ಉತ್ತರ — ಜಾಜ್‌ನ ಜೀವವೇ ಅದು. ಎಷ್ಟು ಜನರಿಗೆ ಅದನ್ನೇ ಪಾಠ ಹೇಳಿದ್ದೆ! ಈರಮ್ಮ ಕುರಿಗಳ ಉತ್ತರಕ್ಕಾಗಿ ಕಾಯುತ್ತಿದ್ದ ಜಾಗವನ್ನೆಲ್ಲ ನನ್ನ ಸ್ವರಗಳಿಂದ ತುಂಬಿಬಿಟ್ಟಿದ್ದೆ. ಅವರ ಹೆಸರಿಗೂ ಜಾಗ ಉಳಿಸಿರಲಿಲ್ಲ.

ಆ ಹಾಡಿನ ಜೊತೆ ಈಗ ಅವರ ಹೆಸರೂ ಬರುತ್ತಿದೆ. ಬರುವ ಭಾನುವಾರ ಆದೋನಿಯಲ್ಲಿ ನನ್ನ ಕಛೇರಿ. ಈರಮ್ಮನನ್ನು ವೇದಿಕೆಗೆ ಕರೆದೆ. "ಸರೇಲೆ, ಬರ್ತೀನಿ. ಕುರಿ ಯಾರು ನೋಡಬೇಕು?" ಎಂದು ಗೊಣಗುತ್ತಲೇ ಒಪ್ಪಿದ್ದಾರೆ.

ಮೊದಲು ಅವರ ಹೆಸರು ಹೇಳುತ್ತೇನೆ, ಆರು ವರ್ಷದ ಸುಳ್ಳನ್ನೂ ಹೇಳುತ್ತೇನೆ. ಆಮೇಲೆ ಅವರು ಕರೆಯುತ್ತಾರೆ — ಆ ಕರೆ ಮುಗಿಯುವವರೆಗೆ ವಾದ್ಯವನ್ನು ತುಟಿಗೆ ತಾಗಿಸದೆ, ಕೇಳುತ್ತ ನಿಂತಿರುತ್ತೇನೆ.