ಕಾವಲಿಗೆ ಕೂತ ಚೌಕಾಬಾರ

ಕುಮಾರಸ್ವಾಮಿ ಲೇಔಟಿನಲ್ಲಿ ನಾವು ಮನೆ ಕಟ್ಟಿಸಿಕೊಂಡು ಬಂದಾಗ ಎದುರಿಗೆ ಒಂದು ಖಾಲಿ ಜಾಗವಿತ್ತು. ನಕ್ಷೆಯಲ್ಲಿ ಅದು ಪಾರ್ಕು. ಕಣ್ಣಿಗೆ ಕಾಣುತ್ತಿದ್ದುದು ಪಾರ್ಥೇನಿಯಂ ಗಿಡ ಮತ್ತು ಎರಡು ಹೊಂಗೆ ಮರ. ತೊಂಬತ್ತರ ದಶಕದ ಬೆಂಗಳೂರಿನಲ್ಲಿ ಹೇಳುವವರು ಕೇಳುವವರು ಇಲ್ಲದ ಜಾಗ ಎಷ್ಟು ದಿನ ಉಳಿದೀತು?

ಒಂದು ಬೆಳಿಗ್ಗೆ ಎದ್ದು ನೋಡಿದರೆ ಅದರ ಉದ್ದಕ್ಕೂ ಸುಣ್ಣದ ಗೆರೆ ಎಳೆದಿತ್ತು. ಆ ಸಂಜೆ ರಸ್ತೆಯವರೆಲ್ಲ ಲೈಟು ಕಂಬದ ಕೆಳಗೆ ಸೇರಿದೆವು. ಗೆರೆ ಯಾರು ಎಳೆದದ್ದು ಎಂದು ನಾನು ಕೇಳಿದ್ದೇ ತಡ, ಮೂಲೆ ಮನೆಯವರು "ನಾನಂತೂ ಅಲ್ಲ ಮೇಡಂ" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಜಾಗ ಉಳಿಸುವುದು ಹೇಗೆ ಎಂಬುದಕ್ಕೆ ತಲೆಗೊಂದು ಮಾತು ಬಂತು. ಒಬ್ಬರಿಗೆ ವಾಕಿಂಗ್ ದಾರಿ ಬೇಕು, ಇನ್ನೊಬ್ಬರಿಗೆ ಮಕ್ಕಳ ಜಾರುಬಂಡೆ. ಮೂಲೆ ಮನೆಯವರಿಗೆ ಚಿಕ್ಕದೊಂದು ಗಣಪತಿ ಗುಡಿ. ಗುಡಿಯ ಪಕ್ಕದಲ್ಲಿ ಅವರ ಕಾರು ನಿಲ್ಲುತ್ತದೆ ಎಂದು ನನಗೆ ಆಗಲೇ ಅನುಮಾನ.

ದಾರಿ ಹೇಳಿದ್ದು ನಮ್ಮ ಅತ್ತೆ. "ಖಾಲಿ ಇದ್ರೆ ತಾನೆ ಕಣ್ಣು ಬೀಳೋದು? ಯಾವಾಗ್ಲೂ ಯಾರಾದ್ರೂ ಆಟ ಆಡ್ಕೊಂಡು ಅಲ್ಲೇ ಇರಿ."

ಬೆಳಿಗ್ಗೆ ಗಂಡಸರ ಶಟಲ್, ಸಂಜೆ ಮಕ್ಕಳ ಕ್ರಿಕೆಟ್. ಮಧ್ಯಾಹ್ನದ ಪಾಳಿ ಹೆಂಗಸರದು. ಹೊಂಗೆ ನೆರಳಲ್ಲಿ ಜಮಖಾನ ಹಾಸಿ, ಕಲ್ಲು ಚಪ್ಪಡಿಯ ಮೇಲೆ ಮನೆ ಬರೆದು, ಕವಡೆ ಬಿಟ್ಟು ಚೌಕಾಬಾರ ಆಡುತ್ತಿದ್ದೆವು. ಒಂದು ಕಣ್ಣು ಕಾಯಿಯ ಮೇಲೆ, ಇನ್ನೊಂದು ರಸ್ತೆಯ ಮೇಲೆ. ಗುರುತಿಲ್ಲದ ಜೀಪು ನಿಧಾನವಾದರೆ ಸಾಕು, ಅತ್ತೆ ಎದ್ದು ಹೋಗಿ ವಿಚಾರಿಸುತ್ತಿದ್ದರು. ಅಡ್ರೆಸ್ ಕೇಳಲು ಬಂದ ಬಡಪಾಯಿಗಳೂ ಹೆದರಿ ಗಾಡಿ ತಿರುಗಿಸುತ್ತಿದ್ದರು. ಮೂಲೆ ಮನೆಯಾಕೆ ಆಡಲು ಬಂದರೆ ನಾವು ಅವರ ಕೈಯನ್ನೂ ಕಾಯುತ್ತಿದ್ದೆವು. ಬರಬರುತ್ತಾ ಕಾವಲು ಬರೀ ನೆಪವಾಯಿತು. ಊಟವಾದ ಮೇಲೆ ಅತ್ತೆಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ರಜೆಯ ದಿನ ನಮ್ಮನೆಯವರ ಮಧ್ಯಾಹ್ನದ ಕಾಫಿಯೂ ತಡವಾಗುತ್ತಿತ್ತು. ಮದುವೆಯಾದ ಮೇಲೆ ಅವರು ಆಟವನ್ನೇ ಆಡಿರಲಿಲ್ಲವಂತೆ. ಗೆದ್ದ ದಿನ ಅವರು ನಗುತ್ತಿದ್ದುದನ್ನು ನೋಡಲು ನನಗೆ ಖುಷಿಯಾಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಜಾಗ ನಿಜವಾಗಿಯೂ ಪಾರ್ಕಾಯಿತು. ಗ್ರಿಲ್ಲು, ಗೇಟು, ಹುಲ್ಲು, ನೋಡಿಕೊಳ್ಳಲು ರಸ್ತೆಯ ಗಂಡಸರದೇ ಒಂದು ಕಮಿಟಿ. ನಾನು ಕೇಸರಿಬಾತ್ ಮಾಡಿ ಹಂಚಿದೆ. ಆ ಭಾನುವಾರ ಮಧ್ಯಾಹ್ನ ನಾವು ಎಂದಿನಂತೆ ಮರದಡಿ ಕೂತೆವು. ಹೊಸ ವಾಚ್‌ಮನ್ ಬಂದು ನಿಂತ.

"ಇಲ್ಲಿ ಗುಂಪು ಕೂತ್ಕಂಡು ಆಟ ಆಡಂಗಿಲ್ಲಮ್ಮ. ಹುಲ್ಲು ಹಾಳಾಗ್ತದೆ."

"ಯಾರಪ್ಪ ಹೇಳಿದ್ದು?" ಎಂದೆ. ಮೂಲೆ ಮನೆಯಾಕೆಯನ್ನು ದುರುಗುಟ್ಟಿಕೊಂಡು ನೋಡಿದೆ. ಆಕೆ ತಲೆ ತಗ್ಗಿಸಿದರು.

"ಕಮಿಟಿ ಸಾರು. ಅವ್ರೇ ಈ ರೂಲ್ಸ್ ಮಾಡ್ಸಿದ್ದು" ಎಂದು ಅವನು ಕೈ ತೋರಿಸಿದ್ದು ನಮ್ಮ ಮನೆಯ ಕಡೆಗೆ.

ಅಷ್ಟು ವರ್ಷ ಬೀದಿಯವರನ್ನೆಲ್ಲ ಅನುಮಾನಿಸಿದ ನಮಗೆ, ಅತ್ತೆಗೆ ಮಗನ ಮೇಲೆ, ನನಗೆ ಗಂಡನ ಮೇಲೆ, ಒಂದು ದಿನವೂ ಅನುಮಾನ ಬಂದಿರಲಿಲ್ಲ. ಅತ್ತೆ ಕವಡೆಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಕಟ್ಟಿಕೊಂಡರು.

"ಏಳು, ಕಾಫಿಗೆ ಕಾಯ್ತಿರ್ತಾನೆ" ಎಂದರು.