ಗುಂಡಿ ಹಚ್ಚಿದ ಸಂದರ್ಶನ

ಆ ವರ್ಷದಿಂದ ಡಾಕ್ಟರಿ ಪರೀಕ್ಷೆಯಲ್ಲಿ ಅಂಕಗಳಿಲ್ಲ, ಬರೀ ಪಾಸು. ಸರ್ಜರಿ ಕಲಿಯುವ ಒಂದೇ ಸೀಟಿನ ಸಂದರ್ಶನಕ್ಕೆ ಶಾಲೆ ಮಾಸ್ತರನಾದ ನಾನು ತಂಗಿಯ ಮಗಳನ್ನು ಔರಾದಿನಿಂದ ಬೀದರಿಗೆ ಕರೆದೊಯ್ದಿದ್ದೆ.

“ಎಲ್ಲಾರೂ ಪಾಸ್. ಯಾರನ್ನ ಆರಿಸ್ಲಿ?” ಎಂದು ಗೊಣಗುತ್ತ ಹಿರಿಯ ಸರ್ಜನ್ ನನ್ನನ್ನೂ ಒಳಗೆ ಕರೆದರು. ನನ್ನ ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು. ಹೆಂಡತಿ ತೀರಿಕೊಂಡಿದ್ದಳು, ಊರಿನ ದರ್ಜಿ ಬರಕ್ಕೆ ಗುಳೆ ಹೋಗಿದ್ದ.

“ಮಾಸ್ತರ್ ಮೈಮ್ಯಾಲೇ ಗುಂಡಿ ಹಚ್ಚವ್ವಾ,” ಎಂದು ಸರ್ಜನ್ ಸೂಜಿ, ದಾರ, ಗುಂಡಿ ಅವಳ ಕೈಗಿತ್ತರು.

“ಮಾಮಾ, ಬಾಯಾಗ ದಾರ ಕಚ್ಕೋರಿ. ಮೈಮ್ಯಾಲ ಹೊಲಿದ್ರ ಅಪಶಕುನ.”

“ಸೂಜಿ ಚುಚ್ತದೇನ್ರಿ ಮಾಸ್ತರ್?” ಎಂದರು ಸರ್ಜನ್. ದಾರ ಕಚ್ಚಿದ್ದ ನಾನು ಇಲ್ಲವೆಂದು ತಲೆಯಾಡಿಸಿದೆ.

ಹೊಲಿದು ಮುಗಿಸಿ, ಎಳೆದು ನೋಡಿದ ಹುಡುಗಿ ಸೂಜಿ ಕೆಳಗಿಟ್ಟಳು. “ತಪ್ಪಾತ್ರಿ ಸರ್. ಒಳಗಿನ ಬನೀನೂ ಸೇರಿಸಿ ಹೊಲಿದೇನಿ.”

“ತಮ್ಮ ತಪ್ಪು ತಾವೇ ಹೇಳೋರು ಬೇಕಾಗ್ಯಾರ ನಮಗ,” ಎಂದರವರು.

ಸೀಟು ಅವಳಿಗೇ ಸಿಕ್ಕಿತು. ಹೊಲಿಗೆ ಬಿಚ್ಚಲು ನನಗಿನ್ನೂ ಮನಸ್ಸಾಗಿಲ್ಲ. ಎರಡನ್ನೂ ಒಟ್ಟಿಗೇ ತೊಡುತ್ತೇನೆ, ಒಟ್ಟಿಗೇ ಒಗೆಯುತ್ತೇನೆ.